ಮೃದಂಗಕ್ಕೆ ಒಂದು ಹಿಡಿ ರವೆ

ಅವರ ಎಡ ಅಂಗೈಯ ಗೆರೆಗಳಲ್ಲಿ ಸದಾ ಒಣಗಿದ ರವೆ ಅಂಟಿರುತ್ತಿತ್ತು. ಮೃದಂಗದ ಎಡಮುಖಕ್ಕೆ ಗಂಭೀರ ನಾದ ಬರಬೇಕಾದರೆ ನಾದಿದ ರವೆಯನ್ನು ರೊಟ್ಟಿಯಂತೆ ತಟ್ಟಿ ಅಂಟಿಸಬೇಕು. ಕಚೇರಿ ಮುಗಿದ ಮೇಲೆ ಕೆರೆದು ಎಸೆಯಬೇಕು. ದೇಶವಿದೇಶಗಳಲ್ಲಿ ಹೆಸರಾಗಿದ್ದ ಈ ವಿದ್ವಾಂಸರು ತೊಂಬತ್ತರ ದಶಕದ ಮೊದಲಲ್ಲಿ ತಿರುವನಂತಪುರದಲ್ಲಿ ನಮ್ಮ ಕೆಳಮನೆಯವರು, ಮೂಲತಃ ಮೈಸೂರು ಕಡೆಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ಅಲ್ಲಿಗೆ ಬಂದು ಬಿದ್ದಿದ್ದ ನಾನು, ನಾಲ್ಕು ಮಾತು ಕನ್ನಡ ಕೇಳುವ ಆಸೆಗೆ, ಅವರ ಮೃದಂಗ ಹೊರುವ ಹುದ್ದೆಯನ್ನು ಸವಿನಯವಾಗಿ ಸ್ವೀಕರಿಸಿದ್ದೆ.

ಕಚೇರಿಯಲ್ಲಿ ಬಿಟ್ಟರೆ ಅವರು ಎಲ್ಲೂ ಕೂತವರಲ್ಲ. ಕಾಫಿ ನಿಂತು ಕುಡಿಯುವರು, ಪತ್ರಿಕೆ ನಡೆಯುತ್ತ ಓದುವರು. ಚಾಲೈ ಮಾರುಕಟ್ಟೆಗೆ ತರಕಾರಿಗೆ ಹೋದರೆ ತಕ್ಕಡಿ ನಿಲ್ಲುವ ಮೊದಲೇ ಮುಂದಿನ ಅಂಗಡಿಯಲ್ಲಿರುವರು. ಈ ಚಡಪಡಿಕೆಗೆ ಒಂದು ದಿನ ಗುರಿ ಸಿಕ್ಕಿತು. ಕಚೇರಿ ಮುಗಿಸಿ ರವೆ ಕೆರೆಯುತ್ತಿದ್ದಾಗ, ಸಭಾಂಗಣ ಗುಡಿಸುವ ಮುದುಕಿ ಹತ್ತಿರ ಬಂದು, "ಕಳಯಲ್ಲೇ ಸಾರೇ," ಎಂದಳು, ಎಸೆಯಬೇಡಿ ಎಂದು. ಕೋಳಿಗೆ ಹಾಕಲಿಕ್ಕೇನು ಎಂದು ಇವರು ತಮ್ಮ ಹರುಕು ಮಲಯಾಳಂನಲ್ಲಿ ಕೇಳಿದರು. ಕೋಳಿ ಇದ್ದಿದ್ದರೆ ಅದನ್ನೇ ತಿನ್ನುತ್ತಿರಲಿಲ್ಲವೇ ಎಂದು ಆಕೆ ನಕ್ಕು, ಆ ಮುದ್ದೆಯನ್ನು ಬಟ್ಟೆಯ ತುದಿಗೆ ಕಟ್ಟಿಕೊಂಡಳು.

ವಿದ್ವಾಂಸರು ನಗಲಿಲ್ಲ. "ಮೂವತ್ತು ವರ್ಷದಿಂದ ಊರೂರಲ್ಲಿ ಯಾರದೋ ಉಪ್ಪಿಟ್ಟು ಬಾರಿಸಿ ಬಿಸಾಕಿದೀನಲ್ರೀ," ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು.

ಅಲ್ಲಿಂದ ಮುಂದೆ ಅವರ ಷರತ್ತು ಒಂದೇ: ತಮ್ಮ ಮೃದಂಗ ಕೇಳಬರುವವರು ತಲಾ ಒಂದು ಹಿಡಿ ಧಾನ್ಯ ತರಬೇಕು. ಕೊಚ್ಚಿಯ ಒಂದು ಸಂಗೀತಸಭೆ ಒಪ್ಪಿತು. ಕಡಲಾಚೆಯ ಕ್ಷಾಮದ ನಾಡಿಗೆ ಧಾನ್ಯ ಒಯ್ಯುವ ಹಡಗು ಮರುದಿನ ಅಲ್ಲಿಂದ ಹೊರಡುವುದಿತ್ತು. ರಸಿಕರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಬರಿಗೈಯಲ್ಲಿ ಬಂದರು. ಆ ಹಡಗಿಗೆಂದು ಬಾಗಿಲಲ್ಲಿಟ್ಟ ಗೋಣಿಚೀಲಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

ಅವರು ವೇದಿಕೆಯಲ್ಲಿ ಕೂತರು, ರವೆ ಅಂಟಿಸಲಿಲ್ಲ. ಅಂದಿನ ಗಾಯಕರು ಮೊದಲ ಹಾಡಾಗಿ ವರ್ಣ ಎತ್ತಿಕೊಂಡರೆ ಮೃದಂಗದ ಎಡಮುಖ ಎಣ್ಣೆ ಡಬ್ಬದಂತೆ ಟಪಟಪ ಎಂದಿತು. ಗಾಯಕರು ಹಾಡು ನಿಲ್ಲಿಸಿ ದುರುಗುಟ್ಟಿದರು. ಇವರು ಮೈಕಿಗೆ ಬಾಗಿ, ಹೊಟ್ಟೆ ಖಾಲಿ ಇದ್ದರೆ ಹೀಗೇ ಕೇಳಿಸುವುದು ಎಂದರು. ವಯಸ್ಸಾಯಿತು, ಮನೆಗೆ ಕಳಿಸಿ ಎಂದು ಹಿಂದಿನಿಂದ ಯಾರೋ ಕೂಗಿದರು.

ಅಷ್ಟು ವರ್ಷದ ಹೆಸರು ಕಣ್ಣೆದುರೇ ಮುಳುಗುವುದನ್ನು ನೋಡಲಾರದೆ, ನಾನು ಗುಟ್ಟಾಗಿ ತಂದಿದ್ದ ರವೆಯ ಪೊಟ್ಟಣವನ್ನು ವೇದಿಕೆಯ ಅಂಚಿನಲ್ಲಿ ನಿಂತು ಚಾಚಿದೆ. ಅಂಟಿಸಿಬಿಡಿ ಎಂದು ಬೇಡಿಕೊಂಡೆ. ಅವರು ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮೊದಲ ಹಿಡಿ ಬಂತು, ಕೊಟ್ಟವರು ಬ್ಯಾಂಕಿನವರು, ಅವರೇ ಕೈಬಿಚ್ಚಿದ ಮೇಲೆ ನಿಮಗೇನು ಎಂದರು.

ಸಭೆ ಗೊಳ್ಳೆಂದು ನಕ್ಕಿತು. ನಗು ಆರುವ ಮೊದಲೇ ಒಬ್ಬಾಕೆ ಎದ್ದು ಎದುರಿನ ಅಂಗಡಿಗೆ ನಡೆದಳು. ಹಿಂದೆಯೇ ಅರ್ಧ ಸಭೆ. ಚೀಲಗಳು ತುಂಬಿ, ಬಾಯಿ ಹೊಲಿದ ಮೇಲೆಯೇ ಅವರು ನನ್ನ ಪೊಟ್ಟಣ ಬಿಚ್ಚಿ ರವೆ ನಾದಿದ್ದು. ಎಡಮುಖ ಗುಂ ಎಂದಿತು.

ಆ ಗಾಯಕರು ಮತ್ತೆಂದೂ ಅವರನ್ನು ಕರೆಯಲಿಲ್ಲ. ಉಳಿದ ಸಭೆಗಳೂ ಮೆಲ್ಲಗೆ ಮರೆತವು. ಅವರು ಚಡಪಡಿಸಿದ್ದು ಅದಕ್ಕಲ್ಲ. "ಆ ಹಡಗು ಸೇರ್ತೇನ್ರೀ?" ಎಂದು ವರ್ಷಗಟ್ಟಲೆ ಕೇಳಿದರು, ಬ್ಯಾಂಕಿನವರಿಗೆ ಹಡಗುಗಳ ಸಮಾಚಾರವೆಲ್ಲ ಗೊತ್ತಿರುತ್ತದೆಂಬ ದೃಢ ನಂಬಿಕೆಯಿಂದ. ನನಗೆ ಗೊತ್ತಿರಲಿಲ್ಲ.

ದಶಕ ಮುಗಿಯುವ ಮುನ್ನ ಅವರು ತೀರಿಕೊಂಡರು. ಬಾಯಿಗೆ ಅಕ್ಕಿ ಹಾಕುವ ಸರದಿ ನನಗೆ ಬಂದಾಗ ಪುರೋಹಿತರು ಹಿಡಿ ತುಂಬ ಕೊಟ್ಟರು. ಅಷ್ಟನ್ನೂ ಸುರಿದಿದ್ದರೆ ಎದ್ದು ಕೂತು ಬೈಯುತ್ತಿದ್ದರು. ಮೂರು ಕಾಳು ಹಾಕಿದೆ. ಉಳಿದದ್ದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೊರಬಂದವನು, ಯಾರಿಗೆ ಕೊಡಬೇಕೆಂದು ತಿಳಿಯದೆ, ಎಲ್ಲೂ ಕೂರದೆ, ತಂಪಾನೂರಿನ ರೈಲು ನಿಲ್ದಾಣದವರೆಗೂ ನಡೆದೆ.