ಐಸಮ್ಮನ ಸಂಶಯ

ಮೊನ್ನೆ ಮಸ್ಕತ್ತಿನ ರೂವಿಯಲ್ಲಿ ಹೊಸದಾಗಿ ತೆರೆದ ಅಂಗಡಿಯೊಂದಕ್ಕೆ ಕಾಲಿಟ್ಟೊಡನೆ ಒಣನಿಂಬೆಯ ವಾಸನೆ ಬಂತು. ಇಲ್ಲಿಯವರು ಸಾರಿಗೆ ಹಾಕುವ, ಬಿಸಿಲಲ್ಲಿ ಕಪ್ಪಾಗಿ ಗೋಲಿಯಂತೆ ಗಟ್ಟಿಯಾದ ನಿಂಬೆ. ನನಗೆ ಬೇಕಾಗಿದ್ದದ್ದು ತೊಗರಿಬೇಳೆ; ಆದರೂ ಆ ಚೀಲದ ಮುಂದೆ ನಿಂತೇಬಿಟ್ಟೆ. ಅಂಗಡಿಯವನು ಓರೆಗಣ್ಣಿನಿಂದ ನೋಡಿದ. ನೋಡಲಿ, ಸಂಶಯಪಡುವವರ ಮೇಲೆ ನನಗೆ ಕೋಪವಿಲ್ಲ. ನಾನೂ ಆ ಜಾತಿಗೇ ಸೇರಿದವಳು. ಮೈಸೂರಿನಲ್ಲಿ ಹಾಲಿನವನನ್ನು ನಂಬಲಿಲ್ಲ, ಇಲ್ಲಿಗೆ ಬಂದ ಮೇಲೆ ಹವಾಮಾನದ ವರದಿಯನ್ನೂ ನಂಬಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನನ್ನೂ ಸ್ವಲ್ಪ ಕಾಲ ಕಾದು ನೋಡಿದವಳು.

ಆ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ಹಮ್ಮಬ್ಬ ಕಾಕನ ಅಂಗಡಿಗೆ. ಹತ್ತಿರದ ದಾರ್ಸೈಟ್ ಬಡಾವಣೆಯಲ್ಲಿ ಆಗ ನಾವಿದ್ದ ಕಟ್ಟಡದ ಕೆಳಗೇ ಅದು ಇತ್ತು. ಕಾಕ ಮಂಗಳೂರು ಕಡೆಯ ಬ್ಯಾರಿ. ಎಳೆಯ ವಯಸ್ಸಿನಲ್ಲಿ ಒಮಾನಿಗೆ ಬಂದು, ಮೊದಲು ಬೆಟ್ಟದ ಬುಡದ ರುಸ್ತಾಕಿನಲ್ಲಿ ವ್ಯಾಪಾರ ಮಾಡಿ, ಮಕ್ಕಳ ಓದಿಗೆಂದು ಮಸ್ಕತ್ತಿಗೆ ಇಳಿದವರು. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಸಂಜೆ ಸಾಮಾನಿಗೆಂದು ಇಳಿದರೆ ಕಾಕ ಮೊದಲು ಕೇಳುತ್ತಿದ್ದದ್ದು ಇವತ್ತು ಯಾವ ಪಾಠ ಆಯಿತು ಎಂದು. ಮಾತಿಗೆ ಎಳೆದು ತಕ್ಕಡಿಯ ಕಡೆಗಿನ ನನ್ನ ಗಮನ ತಪ್ಪಿಸುವ ಉಪಾಯ ಇದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಒಂದು ಸಂಜೆ, ಮೊದಲ ಮಹಾಯುದ್ಧದ ಕಾರಣಗಳು ಎಂದೆ. ಕಾಕ ಬೇಳೆ ಸುರಿಯುವುದನ್ನು ನಿಲ್ಲಿಸಿದರು. ನಾನು ಹುರುಪಿನಿಂದ ತರಗತಿಯ ಧಾಟಿಯಲ್ಲೇ ಹೇಳಿದೆ: ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು, ಆಸ್ಟ್ರಿಯಾ ಸರ್ಬಿಯಾದ ಮೇಲೆ ಹೋಯಿತು, ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ. ಜರ್ಮನಿ ಬೆಲ್ಜಿಯಮ್ಮಿಗೆ ನುಗ್ಗಿತೆಂದು ಬ್ರಿಟನ್ ಬಂತು, ಬ್ರಿಟನ್ ಬಂತೆಂದು ನಮ್ಮವರು ಹೋಗಬೇಕಾಯಿತು. ಪ್ರತಿ ದೇಶವೂ ತನ್ನ ಮನೆ ಕಾಯಲು ಹೊರಟೆ ಎಂದೇ ಹೇಳಿಕೊಂಡಿತು.

ಕಾಕ ಕೇಳಿದರು, “ಎಲ್ಲರೂ ಮನೆ ಕಾಯ್ಲಿಕ್ಕೆ ಹೊರಟವರೇ ಆದ್ರೆ, ಮನೆಗೆ ನುಗ್ಗಿದವ ಯಾರು ಟೀಚರೇ?”

ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಎಂದೆ. ಆ ಯುದ್ಧ ಮಸ್ಕತ್ತಿಗೆ ಬಂದಿತ್ತಾ ಎಂದೂ ಅವರು ಕೇಳಿದರು. ಇಲ್ಲ ಎಂದೆ, ತುಂಬಾ ಧೈರ್ಯದಿಂದ. ಆಗ ಅವರು ತಮ್ಮ ಅಜ್ಜಿ ಐಸಮ್ಮನ ವಿಷಯ ಹೇಳಿದರು.

ಆ ಯುದ್ಧದ ಕಾಲದಲ್ಲಿ ಐಸಮ್ಮನ ಗಂಡ ಮಂಗಳೂರು ಬಂದರಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಇರಾಕಿನ ಬಸ್ರಾದಲ್ಲಿ ಸೈನ್ಯದ ಹೇಸರಗತ್ತೆ ನೋಡಿಕೊಳ್ಳುವ ಕೆಲಸವಿದೆ, ಯುದ್ಧ ಮಾಡಬೇಕಾಗಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಹಡಗು ಹತ್ತಿದ. ಜೊತೆಗೆ ಹೋಗಿದ್ದ ಒಬ್ಬ ಮರಳಿ ಬಂದು, ಅವನನ್ನು ಕಡೆಯದಾಗಿ ನೋಡಿದ್ದು ಹಡಗು ಮಸ್ಕತ್ತಿನಲ್ಲಿ ನಿಂತಾಗ ಎಂದ. ಕೆಲವು ಕಾಲದ ಮೇಲೆ ಊರಿನ ಪಟೇಲರು ಸರ್ಕಾರದ್ದೆಂದು ಅಂಗೈ ಅಗಲದ ಒಂದು ಕಂಚಿನ ಬಿಲ್ಲೆ ತಂದುಕೊಟ್ಟರು. ಸತ್ತವನ ಹೆಸರಿನಲ್ಲಿ ಬರುವಂಥದ್ದು ಅದು. ಐಸಮ್ಮ ಅದನ್ನು ಬೆಲ್ಲದ ಭರಣಿಗೆ ಮುಚ್ಚಳ ಮಾಡಿದಳು. ಅವಳ ಲೆಕ್ಕದಲ್ಲಿ ಗಂಡ ಸತ್ತಿರಲೇ ಇಲ್ಲ. ಮಸ್ಕತ್ತಿನಲ್ಲಿ ಇಳಿದು, ಅಲ್ಲೊಬ್ಬಳನ್ನು ಕಟ್ಟಿಕೊಂಡು, ಹೆಂಡತಿಯ ಬಾಯಿ ಮುಚ್ಚಿಸಲು ಬಿಲ್ಲೆ ಕಳಿಸಿದ್ದಾನೆ! ಗಂಡ ಸತ್ತ ಹೆಂಗಸು ಕೂರಬೇಕಾದ ಇದ್ದತ್ತಿಗೆ, ಮನೆಯೊಳಗಿದ್ದು ಪಾಲಿಸುವ ಆ ದುಃಖದ ಅವಧಿಗೆ, ಅವಳು ಕೂರಲಿಲ್ಲ. ಬೀಡಿ ಕಟ್ಟಿ ಮಗನನ್ನು ಸಾಕಿದಳು. ಮುದುಕಿಯಾಗುವವರೆಗೂ ಗಂಡನನ್ನು ವರ್ತಮಾನ ಕಾಲದಲ್ಲೇ ಬೈದಳು.

ಮೊಮ್ಮಗನಿಗೆ ಒಮಾನಿನ ವೀಸಾ ಬಂದಾಗ ಅವಳು ಹೇಳಿದ್ದು ಒಂದೇ ಮಾತು: “ಅಲ್ಲಿ ಮುದುಕರ ಮುಖ ನೋಡು. ನಿನ್ನ ಅಪ್ಪನ ಮೂಗು ಇದ್ದವ ಸಿಕ್ಕಿದ್ರೆ ಬಿಡ್ಬೇಡ.”

ನಾನು ಈ ಕತೆಯನ್ನೂ ನಂಬಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಮನಸ್ಸು ತಡೆಯದೆ ಶಾಲೆಯ ಗ್ರಂಥಾಲಯದಲ್ಲಿ ಹುಡುಕಿದೆ. ಯುದ್ಧ ಮಸ್ಕತ್ತಿಗೂ ಬಂದಿತ್ತು. ಒಳನಾಡಿನ ಇಮಾಮರ ಕಡೆಯವರಿಗೂ ಮಸ್ಕತ್ತಿನ ಸುಲ್ತಾನರಿಗೂ ಆಗುತ್ತಿರಲಿಲ್ಲ. ಸುಲ್ತಾನರ ಬೆನ್ನಿಗಿದ್ದ ಬ್ರಿಟಿಷರು ಹಿಂದೂಸ್ತಾನದ ಸಿಪಾಯಿಗಳನ್ನು ತಂದು ರೂವಿಯಲ್ಲಿ ಕೂರಿಸಿದ್ದರು. ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡ ಕೆಲವೇ ತಿಂಗಳಲ್ಲಿ ಒಳನಾಡಿನವರು ಇಳಿದು ಬಂದರು, ಸಿಪಾಯಿಗಳು ಹೊಡೆದು ಹಿಮ್ಮೆಟ್ಟಿಸಿದರು. ನಾನು ದಿನವೂ ಟ್ಯಾಕ್ಸಿಯಲ್ಲಿ ದಾಟಿಹೋಗುತ್ತಿದ್ದ ಹಳೆಯ ಕೋಟೆಯ ಸುತ್ತಮುತ್ತ ನಡೆದ ಯುದ್ಧ ಅದು. ಇಲ್ಲ ಎಂದಿದ್ದ ಬಾಯಲ್ಲೇ ಹೌದು ಎನ್ನಲು ಕೆಳಗಿಳಿದೆ. ಕಾಕ ನಕ್ಕರು. “ನನಗೆ ಅದು ಗೊತ್ತುಂಟು ಟೀಚರೇ. ಆವತ್ತು ಬಂದವರಲ್ಲಿ ಒಬ್ಬರು ನನ್ನ ಅಂಗಡಿ ಎದುರೇ ಕೂರ್ತಿದ್ರು.”

ರುಸ್ತಾಕಿನಲ್ಲಿ ಕಾಕ ಅಜ್ಜಿಯ ಮಾತನ್ನು ಮರೆತಿರಲಿಲ್ಲ. ಅಂಗಡಿಯ ಎದುರು, ಆ ಊರಿನ ಕೋಟೆಯ ಗೋಡೆಯ ನೆರಳಿಗೆ, ಸಾಲಿಂ ಎಂಬ ಹಣ್ಣು ಮುದುಕರೊಬ್ಬರು ಸಂಜೆ ಬಂದು ಕೂರುವರು. ಅವರ ಮೂಗು ಥೇಟ್ ಕಾಕನ ಅಪ್ಪನದೇ. ಅಲ್ಲದೆ, ಕಾಕ ಊರಿನವರೊಡನೆ ಬ್ಯಾರಿ ಭಾಷೆಯಲ್ಲಿ ಮಾತಾಡಿದಾಗಲೆಲ್ಲ ಆ ಮುದುಕರು ತಟ್ಟನೆ ತಿರುಗಿ ನೋಡುವರು. ಕಾಕ ಅವರನ್ನು ನೋಡುವುದು, ಅವರು ಕಾಕನನ್ನು ನೋಡುವುದು, ಹೀಗೆಯೇ ಒಂದು ಬೇಸಿಗೆ ಕಳೆಯಿತು. ಕಡೆಗೆ ಒಂದು ದಿನ ಕಾಕ ಕಾವಾ ಕಾಫಿ ಹಿಡಿದು ಎದುರು ಹೋಗಿ ಕುಳಿತು, ತಾವು ಹಿಂದೂಸ್ತಾನ ನೋಡಿದ್ದೀರಾ ಎಂದು ಅರಬಿಯಲ್ಲಿ ಕೇಳಿದರು. ಮುದುಕರು ಕಾಫಿ ಮುಟ್ಟಲಿಲ್ಲ. ನೀನು ಯಾರ ಮಗ ಎಂದು ಕೇಳಿದರು, ಕೈಯಲ್ಲಿದ್ದ ಕೋಲನ್ನು ಬಿಗಿಯಾಗಿ ಹಿಡಿದು.

ಆಗ ತಿಳಿದದ್ದು ಇದು. ಸಾಲಿಂ ಮೀಸೆ ಮೂಡುವ ವಯಸ್ಸಿನಲ್ಲಿ ರೂವಿಗೆ ಇಳಿದವರಲ್ಲಿ ಒಬ್ಬರು. ಕತ್ತಲಲ್ಲಿ ಬಂಡೆಗಳ ನಡುವೆ ಎದುರಾದ ಒಬ್ಬ ಸಿಪಾಯಿಗೆ ಗುಂಡು ಹಾಕಿದ್ದರು. ಅವನು ಪ್ರಾಣ ಬಿಡುವ ಮೊದಲು ತನ್ನ ಭಾಷೆಯಲ್ಲಿ ಏನೋ ಹೇಳಿದ. ಏನೆಂದು ಅವರಿಗೆ ಅರ್ಥವಾಗಲಿಲ್ಲ, ದನಿ ಮಾತ್ರ ಕಿವಿಯಲ್ಲಿ ಉಳಿಯಿತು. ಎದುರಿನ ಅಂಗಡಿಯ ಹಿಂದೂಸ್ತಾನದ ಯುವಕ ದಿನವೂ ತನ್ನ ಮುಖವನ್ನೇ ದಿಟ್ಟಿಸುವುದನ್ನು ಕಂಡು, ಆ ಸಿಪಾಯಿಯ ಕಡೆಯವನು ಸೇಡು ತೀರಿಸಲು ಬಂದಿದ್ದಾನೆ ಎಂದೇ ನಂಬಿದ್ದರು. ಒಂದು ಬೇಸಿಗೆ ಪೂರ್ತಿ, ಕಾಕ ಆ ಮುದುಕರಲ್ಲಿ ಓಡಿಹೋದ ಅಜ್ಜನನ್ನು ಹುಡುಕುತ್ತಿದ್ದರೆ, ಮುದುಕರು ಕಾಕನಲ್ಲಿ ತಮ್ಮ ಸಾವನ್ನು ಕಾಣುತ್ತಿದ್ದರು.

ಕಾಕ ಅಜ್ಜನ ವಿಷಯವನ್ನೆಲ್ಲ ಹೇಳಿದರು. ಮುದುಕರು ಕೋಲನ್ನು ಪಕ್ಕಕ್ಕಿಟ್ಟು, ನಿಮ್ಮವರು ನಮ್ಮ ಬೆಟ್ಟ ಕಸಿಯಲು ಬಂದಿದ್ದಾರೆ ಎಂದು ನಮಗೆ ಹೇಳಿದ್ದರು, ಆ ಸಿಪಾಯಿಗಳಿಗೆ ಏನು ಹೇಳಿದ್ದರೋ ಎಂದರು. ಆಮೇಲೆ ಹೇಳಿದ ಮಾತನ್ನು ಕಾಕ ನನಗೆ ಎರಡು ಸಲ ಹೇಳಿದರು: “ಅದನ್ನೆಲ್ಲ ನೋಡಿ ಉಳಿದವನು ಬೇರೆ ಎಲ್ಲಿಯೂ ಇಳಿಯುವುದಿಲ್ಲ ಮಗಾ. ತೆವಳಿಕೊಂಡಾದರೂ ತಾಯಿಯ ಹತ್ತಿರ ಹೋಗುತ್ತಾನೆ. ನಾನು ಹಾಗೆಯೇ ಹೋದೆ.”

ಮುಂದಿನ ರಜೆಯಲ್ಲಿ ಕಾಕ ಊರಿಗೆ ಹೋಗಿ ಅಜ್ಜಿಗೆ ಇದನ್ನು ಒಪ್ಪಿಸಿದರು. ಐಸಮ್ಮ ಸಾಲಿಮರಿಗೆ ಹೆಂಡತಿ ಇದ್ದಾಳೆಯೇ, ಮೊಮ್ಮಕ್ಕಳಿದ್ದಾರೆಯೇ ಎಂದು ವಿಚಾರಿಸಿದಳು. ಮೂಗಿನ ವಿಷಯ ಕೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಸೊಸೆಯನ್ನು ಕರೆದು, ತಾನು ಇದ್ದತ್ತಿಗೆ ಕೂರುತ್ತೇನೆ ಎಂದಳು. ಆ ಕಾಲ ಯಾವತ್ತೋ ಮುಗಿದುಹೋಗಿದೆ ಎಂದು ಮಸೀದಿಯವರು ಹೇಳಿಕಳಿಸಿದರೂ ಕೇಳಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು ಒಳಗಿನ ಕೋಣೆಯಲ್ಲಿ ಕುಳಿತಳು. ಬೈಗುಳ ನಿಂತಿತು. ಮನೆಯಲ್ಲಿ ಯಾರಿಗೂ ಆ ಮೌನ ಅಭ್ಯಾಸವಾಗಲಿಲ್ಲ ಎಂದರು ಕಾಕ. ಅಷ್ಟು ವರ್ಷ ಅಜ್ಜನನ್ನು ಬದುಕಿಸಿಟ್ಟದ್ದು ಅವಳ ಸಂಶಯವೇ ಎಂದು ಆಗ ಅವರಿಗೆ ಅನಿಸಿತಂತೆ. ತಾವು ಆ ಸುದ್ದಿ ಒಯ್ಯಬಾರದಿತ್ತೇನೋ ಎಂದೂ.

ಮೊನ್ನೆ ರೂವಿಯ ಅಂಗಡಿಯಿಂದ ನಾನು ಒಣನಿಂಬೆಯನ್ನೂ ತೊಗರಿಬೇಳೆಯನ್ನೂ ತಂದೆ. ಮನೆಗೆ ಬಂದು ಕಾಕನಿಗೆ ಫೋನ್ ಮಾಡಿದೆ. ಅವರೀಗ ಒಮಾನಿನ ದಕ್ಷಿಣದ ಸಲಾಲಾದಲ್ಲಿ ಮಗನ ಮನೆಯಲ್ಲಿದ್ದಾರೆ. ಅಲ್ಲಿ ಜಿನುಗು ಮಳೆಯಂತೆ. ಮಾತಿನ ನಡುವೆ ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗುತ್ತಿರುವ ಸುದ್ದಿ ಬಂತು. ಯಾರು ಮೊದಲು ಶುರು ಮಾಡಿದ್ದು ಎಂದು ಅವರು ಕೇಳಲಿಲ್ಲ, ನಾನೂ ಕಾರಣಗಳನ್ನು ಹೇಳಲು ಹೋಗಲಿಲ್ಲ. ತಮ್ಮ ಮೊಮ್ಮಗ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿ ಹೊರಟಿದ್ದಾನೆ ಎಂದರು. ಆ ದಾರಿಯಲ್ಲಿ ಏನೂ ಅಪಾಯವಿಲ್ಲ ಎಂದು ಕಂಪನಿಯವರು ಹೇಳಿದ್ದಾರಂತೆ.

“ನೀವು ನಂಬಿದ್ರಾ ಕಾಕ?”

“ಇಲ್ಲ ಟೀಚರೇ. ದಿನಾ ಒಂದು ಫೋಟೋ ಕಳಿಸು ಹೇಳಿದ್ದೇನೆ. ಮುಖ ಕಾಣ್ಬೇಕು.”

ಆ ಫೋಟೋವನ್ನು ನನಗೂ ಕಳಿಸಿ ಎಂದೆ. ಈಗ ಬೆಳಿಗ್ಗೆ ಪತ್ರಿಕೆ ಬಿಡಿಸುವ ಮೊದಲು ಹಡಗಿನ ಅಂಚಿನ ಕಂಬಿಗೆ ಒರಗಿ ನಿಂತ, ನಾನು ಎಂದೂ ಭೇಟಿಯಾಗದ ಒಬ್ಬ ಯುವಕನ ಮುಖ ನೋಡುತ್ತೇನೆ. ನಿನ್ನೆಯದು ತಡವಾಗಿ ಬಂತು. ಮಧ್ಯಾಹ್ನದವರೆಗೂ ಪತ್ರಿಕೆ ಮಡಚಿದಂತೆಯೇ ಇತ್ತು.