ಮಂಡಿಯಲ್ಲಿ ನಿಲ್ಲಬೇಕಿದ್ದ ಮದ್ದು

ಔಷಧವು ಮೈಯೆಲ್ಲ ಹರಡಿ ವ್ಯರ್ಥವಾಗದೆ, ನೋವಿರುವ ಜಾಗದಲ್ಲೇ ನಿಂತು ಕೆಲಸ ಮಾಡುವಂತೆ ಆಯಸ್ಕಾಂತದಿಂದ ಹಿಡಿದಿಡುವ ವಿದ್ಯೆಯಲ್ಲಿ, ನಮ್ಮ ಸೀಮೆಯಲ್ಲಿದ್ದುಕೊಂಡೇ ಮೂವತ್ತೊಂದು ವರ್ಷ ದುಡಿದವರು ಪ್ರಾಧ್ಯಾಪಕ ವಜೀರ್ ಪಾಷಾ ಅವರು. ಶ್ರೀರಂಗಪಟ್ಟಣದ ಲಾರಿ ಚಾಲಕರೊಬ್ಬರ ಮನೆಯಲ್ಲಿ ಹುಟ್ಟಿ, ಬೆಳ್ಳೂರಿನ ಬಳಿಯ ಫಾರ್ಮಸಿ ಕಾಲೇಜಿಗೆ ಅಧ್ಯಾಪಕರಾಗಿ ಬಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಕಬ್ಬಿಣದಂಶದ ಅತಿ ಸೂಕ್ಷ್ಮ ಕಣಗಳಿಗೆ ಬಾವು ಇಳಿಸುವ ಮದ್ದನ್ನು ಲೇಪಿಸಿ ಕೀಲಿನೊಳಗೆ ಚುಚ್ಚುವುದು, ಹೊರಗೊಂದು ಆಯಸ್ಕಾಂತ ಕಟ್ಟಿ ಆ ಕಣಗಳನ್ನು ಅಲ್ಲೇ ನಿಲ್ಲಿಸುವುದು ಅವರ ಸಂಶೋಧನೆಯ ತಿರುಳು. 2013ರಲ್ಲಿ ಮೊಲಗಳ ಮಂಡಿಯಲ್ಲಿ ಮದ್ದು ಎರಡು ವಾರ ನಿಂತಾಗ, ಆ ಸಂತೋಷವನ್ನು ಅವರು ಮೊದಲು ಹೇಳಿದ್ದು ತಾಯಿ ಅಮೀನಾಬೀ ಅವರಿಗೆ. ಆಕೆಯ ಎರಡೂ ಮಂಡಿ ಸವೆದು, ವೈದ್ಯರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು.

"ಇನ್ನೆರಡು ವರ್ಷ ಅಮ್ಮೀ, ನಮ್ದೇ ಮದ್ದು ಬರ್ತದೆ" ಎಂದುಬಿಟ್ಟರು ಪಾಷಾ, ಸಡಗರದಲ್ಲಿ.

ತಾಯಿ ಅದನ್ನೇ ನಂಬಿದರು. "ಅವರ ಚಾಕು ಯಾಕ್ ಬೇಟಾ? ನಿನ್ ಮದ್ದೇ ಬರ್ಲಿ, ಕಾಯ್ತೀನಿ ಬುಡು."

ಎರಡು ವರ್ಷ ಐದಾಯಿತು. ಮೊಲದ ಪುಟ್ಟ ಮಂಡಿಯಲ್ಲಿ ಸುಲಭವಾಗಿ ನಿಂತ ಕಣಗಳು, ಮನುಷ್ಯನ ಮಂಡಿಯ ಆಳದಲ್ಲಿ ಆಯಸ್ಕಾಂತದ ಹಿಡಿತಕ್ಕೆ ಸಿಗುವುದಿಲ್ಲವೆಂದು ಒಂದರ ಹಿಂದೊಂದು ಪ್ರಯೋಗ ತೋರಿಸಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪಾಷಾ ಅವರು ತಾಯಿಯನ್ನು ಬೇಡಿ ಒಪ್ಪಿಸುವಷ್ಟರಲ್ಲಿ ಆಕೆಯ ಹೃದಯ ಸೋತಿತ್ತು. ಅರಿವಳಿಕೆಯನ್ನು ಅದು ತಡೆಯದೆಂದು ವೈದ್ಯರೇ ಕೈಚೆಲ್ಲಿದರು. ನಮಾಜನ್ನು ಮೊದಲು ಕುರ್ಚಿಯಲ್ಲಿ ಕೂತು, ಕಡೆಗೆ ಮಲಗಿದಲ್ಲೇ ಮಾಡುತ್ತ ಆಕೆ 2019ರಲ್ಲಿ ತೀರಿಕೊಂಡರು. ಮಗನನ್ನು ಒಮ್ಮೆಯೂ ದೂರಲಿಲ್ಲ. ನೋಡಲು ಬಂದವರಿಗೆಲ್ಲ "ನನ್ ಮಗ ಮದ್ದು ಮಾಡ್ತಾವ್ನೆ" ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೂತು ಆ ಮಾತು ಕೇಳುವುದು ಪಾಷಾ ಅವರಿಗೆ ಯಾವ ದೂರಿಗಿಂತಲೂ ಕಷ್ಟವಾಗಿತ್ತು.

2022ರಲ್ಲಿ ಬಿಂಡಿಗನವಿಲೆಯ ಕುರಿ ಸಾಕುವ ಮಾಯಮ್ಮ, ಯಾರೋ ಓದಿ ಹೇಳಿದ ಪತ್ರಿಕೆಯ ಸುದ್ದಿ ನಂಬಿ, ಕಾಲೆಳೆದುಕೊಂಡು ಕಾಲೇಜಿಗೆ ಬಂದರು.

"ಅದೇನೋ ಅಯಸ್ಕಾಂತದ ಸೂಜಿ ಆಕ್ತೀರಂತಲ್ಲ ಸಾಯೇಬ್ರೆ, ನನ್ಗೂ ಒಂದ್ ಆಕ್ಬುಡಿ. ಎಷ್ಟ್ ದಿನ ಆದ್ರೂ ಕಾಯ್ತೀನಿ."

"ಕಾಯ್ಬ್ಯಾಡಿ ಕಣವ್ವ" ಎಂದರು ಪಾಷಾ. "ಅದು ಮೊಲಕ್ಕಷ್ಟೇ ಆಗಿರೋದು. ನಿಮ್ಗೆ ಆಪರೇಷನ್ನೇ ಸರಿ."

"ಆಸ್ಪತ್ರೆಗೆ ನನ್ ಜೊತೆ ಯಾರ್ ಬತ್ತಾರೆ?"

"ನಾನ್ ಬತ್ತೀನಿ, ನಡೀರಿ."

ಅಂದೇ ರಜೆ ಹಾಕಿ ಬಸ್ಸಿನಲ್ಲಿ ಕರೆದೊಯ್ದರು; ಶಸ್ತ್ರಚಿಕಿತ್ಸೆಯ ದಿನ ಹೊರಗಿನ ಬೆಂಚು ಬಿಟ್ಟೇಳಲಿಲ್ಲ. ಮಾಯಮ್ಮ ವಾಕರು ಹಿಡಿದು ನಾಲ್ಕು ಹೆಜ್ಜೆ ಇಟ್ಟಾಗ ಮಾತ್ರ ಎದ್ದು ಹೋದವರು ಬಹಳ ಹೊತ್ತು ಮರಳಲಿಲ್ಲ.

ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ವಿಷಯ ತಿಳಿಸಲು ಹೋದ ಸಹೋದ್ಯೋಗಿ ಶಿವಲಿಂಗಯ್ಯನವರಿಗೆ ಅವರು ಹೇಳಿದ್ದಿಷ್ಟೇ: "ಬರೀರಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ ಅಮ್ಮೀ ವಿಷಯ ಬುಡಬ್ಯಾಡಿ."

ಬಿಟ್ಟಿಲ್ಲ. ನಿವೃತ್ತಿಯ ಮರುದಿನದಿಂದಲೂ ಅವರು ಅದೇ ಪ್ರಯೋಗಾಲಯಕ್ಕೆ ಬರಲಿದ್ದಾರೆ. ಇನ್ನಷ್ಟು ಆಳಕ್ಕೆ ಎಟುಕುವ ಆಯಸ್ಕಾಂತದ ಕೆಲಸ ಅರ್ಧದಲ್ಲಿದೆ. ಅವರ ಆಯುಸ್ಸು ದೀರ್ಘವಾಗಲಿ, ಕಣ್ಣು ಕೈ ಗಟ್ಟಿಯಾಗಿರಲಿ. ತಡವಾಗಿಯಾದರೂ ಆ ಮದ್ದು ಅವರ ಕೈಯಿಂದಲೇ ಯಾರದಾದರೂ ತಾಯಿಯ ಮಂಡಿಗೆ ಇಳಿಯಲಿ.