ಜೋಳದ ಹಿಟ್ಟಿನಲ್ಲಿ ಚಂದ್ರನ ಕುಳಿ

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಕಮಲಾಪುರದ ಒಂದು ಶಾಲೆಯ ಪಡಸಾಲೆ. ಹಾಜರಿದ್ದವರು ಆರನೆಯ ತರಗತಿಯ ಮೂವತ್ತೆರಡು ಮಕ್ಕಳು, ಬಿಸಿಯೂಟದ ಅಡುಗೆಯ ಶಾಂತಾಬಾಯಿ, ಕಲಬುರಗಿಯಿಂದ ನನ್ನೊಡನೆ ಬಂದಿದ್ದ ಅಸ್ಮಾ, ಮತ್ತು ನಾನು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ, ತಿಂಗಳಿಗೊಂದು ಶಾಲೆಗೆ ಹೋಗಿ ಮನೆಯ ಸಾಮಾನಿನಿಂದಲೇ ಮಾಡಬಹುದಾದ ಪ್ರಯೋಗ ತೋರಿಸುವುದು ನನ್ನ ಪರಿಪಾಠ. ಅಂದಿನ ವಿಷಯ ಚಂದ್ರನ ಮೇಲಿನ ಕ್ರೇಟರ್, ಅಂದರೆ ಉಲ್ಕೆ ಅಪ್ಪಳಿಸಿದಲ್ಲಿ ಆಗುವ ಕುಳಿ.

ಅಸ್ಮಾ ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಪಕ್ಕದ ಮನೆಯವಳು, ಒಂಬತ್ತನೆಯ ತರಗತಿ. ಹಿಂದಿನ ವರ್ಷ ತನ್ನ ಶಾಲೆಯ ಪ್ರದರ್ಶನದಲ್ಲಿ ಮಾತು ಮರೆತು ಅತ್ತಿದ್ದಳು. ಆಮೇಲೆ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಅಂದು ಷರತ್ತು ಹಾಕಿಯೇ ಬಸ್ಸು ಹತ್ತಿದಳು.

“ಇದೊಂದ ಸಲ ನಿಲ್ತೀನಿ ಟೀಚರ್. ಕೆಟ್ರ ಮತ್ತ ಕರೀಬ್ಯಾಡ್ರಿ.”

“ಕೆಡಂಗಿಲ್ಲ. ಎಲ್ಲಾ ಬರದು ಕೊಟ್ಟೀನಲ್ಲ,” ಎಂದೆ.

ಒಂಬತ್ತು ಹಂತಗಳ ಹಾಳೆ ಅವಳ ಕೈಯಲ್ಲಿತ್ತು. ಅವಳ ಮನೆಯಲ್ಲಿ ಆರು ಬಾರಿ ಮಾಡಿ ನೋಡಿದ್ದೆವು, ಆರೂ ಬಾರಿ ಕುಳಿ ಚೆನ್ನಾಗಿ ಬಂದಿತ್ತು.

ಹುಳ ಬಿದ್ದು ಅಡುಗೆಗೆ ಬಾರದ ಜೋಳದ ಹಿಟ್ಟನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಬಸ್ಸಿನ ಕುಲುಕಾಟಕ್ಕೆ ಅದು ಅರ್ಧ ಇಳಿದು ಗಟ್ಟಿಯಾಗಿತ್ತು. ತಾಟಿಗೆ ಸುರಿದೆ. ಚೊಕ್ಕವಾಗಿ ಕಾಣಲೆಂದು ಸ್ಕೇಲಿನಿಂದ ಒತ್ತಿ ಸಮ ಮಾಡಿ, ಮೇಲೆ ತೆಳುವಾಗಿ ಕೆಮ್ಮಣ್ಣು ಉದುರಿಸಿದೆ.

ಅಸ್ಮಾ ಅರವತ್ತು ಸೆಂಟಿಮೀಟರ್ ಎತ್ತರದಿಂದ ಗೋಲಿ ಬಿಟ್ಟಳು. ಟಕ್ ಎಂದು ಬಿದ್ದು ಅಲ್ಲೇ ಕೂತಿತು.

“ಕುಣಿ ಎಲ್ಲದ ಅಕ್ಕಾ?” ಎಂದಳು ಮುಂದಿನ ಸಾಲಿನ ಹುಡುಗಿಯೊಬ್ಬಳು.

ತೊಂಬತ್ತರಿಂದ ಬಿಟ್ಟಳು. ಗೋಲಿ ಪುಟಿದು ತಾಟಿನಿಂದ ಹೊರಗೆ ಉರುಳಿತು. ಪಡಸಾಲೆಯೆಲ್ಲ ನಕ್ಕಿತು. ಅಸ್ಮಾ ಹಾಳೆಯನ್ನು ಮತ್ತೆ ಮೊದಲ ಹಂತದಿಂದ ಓದತೊಡಗಿದಳು. ನಾನೇ ಮುಂದೆ ಬಂದು ಮುಗಿಸಿಬಿಡಲೇ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆಕೋಣೆಯ ಬಾಗಿಲಲ್ಲಿದ್ದ ಶಾಂತಾಬಾಯಿ ಕೂಗಿದರು. “ಏನ್ ಟೀಚರ್, ಹಿಟ್ಟಿಗೆ ಗಿಲಾವ್ ಮಾಡೀರಲ್ಲ! ಗ್ವಾಡಿ ಕಟ್ತೀರೇನ್ರಿ? ಸಾಣಿಗಿ ಹಿಡದೀರೋ ಇಲ್ಲೋ?”

ಜರಡಿಗೆ ನಮ್ಮ ಕಡೆ ಸಾಣಿಗಿ ಎನ್ನುತ್ತಾರೆ. ನಾನು ಹಾಳೆ ನೋಡಿದೆ. ಅಂಥ ಹಂತವೇ ಇರಲಿಲ್ಲ.

“ಮನ್ಯಾಗ ಅಮ್ಮಿ ಸಾಣಿಸೇ ಕೊಡ್ತಿದ್ರು ಟೀಚರ್,” ಎಂದಳು ಅಸ್ಮಾ ಮೆಲ್ಲಗೆ. “ನಾವು ಬರಕೊಂಡೇ ಇಲ್ಲ.”

ಶಾಂತಾಬಾಯಿ ಸಾಣಿಗಿ ತಂದರು. ನಾನು ಕೈ ಚಾಚಿದೆ. ಅವರು ಅದನ್ನು ಅಸ್ಮಾಳಿಗೆ ಕೊಟ್ಟರು. ಅವಳು ಹಾಳೆಯನ್ನು ಬದಿಗಿಟ್ಟು ಹಿಟ್ಟು ಸಾಣಿಸತೊಡಗಿದಳು. ಕೈ ಆಡಿದಂತೆ ಮಾತೂ ಬಂತು.

“ನೋಡ್ರಿ, ಒತ್ತಿದ ಹಿಟ್ಟು ಫರಸಿ ಕಲ್ಲಿದ್ದಂಗ. ಸಾಣಿಸಿದ್ರ ನಡುನಡುವ ಗಾಳಿ ಇರ್ತದ. ಗೋಲಿ ಬಿದ್ದ ಕೂಡ್ಲೇ ಹಾರ್ತದ.”

ಈ ಮಾತು ನನ್ನ ಹಾಳೆಯಲ್ಲಿ ಇರಲಿಲ್ಲ.

ಮೇಲೆ ಮತ್ತೆ ಕೆಮ್ಮಣ್ಣು ಉದುರಿಸಿದಳು. ಈಗ ಗೋಲಿ ಬಿದ್ದಾಗ ಕೆಂಪಿನ ನಡುವೆ ಬಿಳಿ ಹಿಟ್ಟು ಸುತ್ತಲೂ ಕಿರಣಗಳಂತೆ ಚಿಮ್ಮಿತು. ಮೂವತ್ತು ಸೆಂಟಿಮೀಟರಿನಿಂದ ಬಿಟ್ಟಾಗ ಕುಳಿಯ ಅಗಲ ಮೂರೂವರೆ, ಅರವತ್ತರಿಂದ ನಾಲ್ಕೂಕಾಲು, ತೊಂಬತ್ತರಿಂದ ಐದು. ಎತ್ತರ ಹೆಚ್ಚಿದಂತೆ ವೇಗ ಹೆಚ್ಚು, ಕುಳಿ ದೊಡ್ಡದು ಎಂದು ಮಕ್ಕಳೇ ಹೇಳಿದರು.

ಮುಂದಿನ ಸಾಲಿನ ಅದೇ ಹುಡುಗಿ ಬಿಡಲಿಲ್ಲ. “ಮತ್ತ ಚಂದ್ರನ ಮ್ಯಾಲ ಯಾರ್ ಸಾಣಿಗಿ ಹಿಡದಾರ ಅಕ್ಕಾ?”

ಮಕ್ಕಳು ಮತ್ತೆ ನಕ್ಕರು. ಈ ಸಲ ಅಸ್ಮಾಳೂ ನಕ್ಕಳು. “ಕಲ್ಲು ಬಿದ್ದೂ ಬಿದ್ದೂ ಅಲ್ಲೀ ನೆಲ ತಾನೇ ಪುಡಿ ಆಗ್ಯದವ್ವಾ. ಸಾಣಿಗಿ ಬೇಕಾಗಿಲ್ಲ.”

ಮೂರು ಗಂಟೆಗೆ ಗಾಜಿಪುರ ಮುಟ್ಟಿದೆವು. ನಡೆದುದನ್ನು ಕೇಳಿ ಅಸ್ಮಾಳ ತಾಯಿ ಹಣೆ ಬಡಿದುಕೊಂಡರು. “ಯಾ ಅಲ್ಲಾ! ಹಿಟ್ಟು ಸಾಣಿಸ್ಬೇಕು ಅಂತನೂ ಬರೀಬೇಕೇನ್ರಿ ಟೀಚರ್?”

“ಬರೀಬೇಕ್ರಿ,” ಎಂದೆ. ನನ್ನ ಕೆಲಸ ಶುರುವಾಗುವ ಮೊದಲೇ ಬೇರೊಬ್ಬರು ಮುಗಿಸಿಟ್ಟ ಕೆಲಸವನ್ನು ಮೂವತ್ತನಾಲ್ಕು ವರ್ಷ ನಾನು ಹಂತವೆಂದು ಎಣಿಸಿರಲಿಲ್ಲ.

ಐದು ಗಂಟೆಗೆ ಹೊಸ ಹಾಳೆ ತೆಗೆದು, “ಹಂತ ಒಂದು: ಹಿಟ್ಟು ಸಾಣಿಸಿ. ಒತ್ತಬೇಡಿ” ಎಂದು ಬರೆದೆ. ಒಂಬತ್ತು ಹತ್ತಾಯಿತು. ಕೆಳಗೆ, ಮುಂದಿನ ತಿಂಗಳ ಶರಣಸಿರಸಗಿ ಶಾಲೆಯ ಹೆಸರಿನ ಎದುರು, ನಾನು ಕೇಳುವ ಮೊದಲೇ ಅಸ್ಮಾ ತನ್ನ ಹೆಸರು ಬರೆದಳು. ಹಾಳೆಯನ್ನು ಫೈಲಿಗೆ ಹಾಕಿ ಕಪಾಟಿನಲ್ಲಿಟ್ಟೆ.